ಪುಂಡಿಗೆ ರಾತ್ರಿಯ ಲೆಕ್ಕ ಗೊತ್ತು

ಮುಂಗಾರು ಹಿಡಿದರೆ ಸಾಕು, ಕಲಬುರಗಿಯ ಸಂತೆಗಳಲ್ಲಿ ಎಳೆ ಪುಂಡಿ ಸೊಪ್ಪಿನ ಕಟ್ಟುಗಳು ಕಾಣಿಸುತ್ತವೆ. ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಮೇಲೊಂದು ಬಳ್ಳೊಳ್ಳಿ ಒಗ್ಗರಣೆ. ಬಿಸಿ ರೊಟ್ಟಿ ಜೊತೆ ಈ ಪಲ್ಯ ತಿಂದವರಿಗೆ ಜಾಸ್ತಿ ಹೇಳಬೇಕಿಲ್ಲ. ಎಲೆ ಕುದಿಸಿ ನೀರು ಬಸಿಯುವುದೂ ಸುಮ್ನೆ ಅಲ್ಲ. ಹುಳಿ ತರುವ ಆಮ್ಲಗಳಲ್ಲಿ ಒಂದಿಷ್ಟು ಆ ನೀರಿನಲ್ಲೇ ಹೋಗುತ್ತದೆ.

ಇದೇ ಗಿಡವನ್ನು ಹೊಲದ ಅಂಚಿನಲ್ಲಿ ಕೀಳದೆ ಬಿಟ್ಟರೆ ಆಳೆತ್ತರ ದಾಟುತ್ತದೆ. ಕಾಂಡ ಬಲಿತು ಹಗ್ಗದ ನಾರಾಗುತ್ತದೆ. ಪುಂಡಿ ಆಫ್ರಿಕಾ ಮೂಲದ್ದು, ದಾಸವಾಳದ ಬಳಗದ್ದು. ಹೂವು ನೋಡಿದರೆ ನಂಟು ತಾನೇ ಗೊತ್ತಾಗುತ್ತದೆ: ತೆಳು ಹಳದಿ ಎಸಳು, ಬುಡದಲ್ಲಿ ಕಡುಗೆಂಪು. ಬೆಳಕು ಹರಿಯುವಾಗ ಅರಳಿ ಮಧ್ಯಾಹ್ನದ ಹೊತ್ತಿಗೆ ಸುರುಳಿಯಾಗಿ ಮುಚ್ಚಿಕೊಳ್ಳುತ್ತದೆ. ಜೇನು ಬರದಿದ್ದರೂ ಚಿಂತೆಯಿಲ್ಲ, ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು.

ಹೂ ಬಿಡುವ ಹೊತ್ತು ಪುಂಡಿಗೆ ಹೇಗೆ ಗೊತ್ತಾಗುತ್ತದೆ? ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವಸ್ತುವಿನ ನೆರವಿನಿಂದ ಗಿಡ ರಾತ್ರಿಯ ಉದ್ದ ಅಳೆಯುತ್ತದೆ. ಜೂನ್‌ನಲ್ಲಿ ಕಲಬುರಗಿಯ ಹಗಲು ಸುಮಾರು 13 ಗಂಟೆ. ಆಗ ಪುಂಡಿಗೆ ಎತ್ತರ ಬೆಳೆಯುವುದೊಂದೇ ಕೆಲಸ. ಹಗಲು ಹನ್ನೆರಡೂವರೆ ಗಂಟೆಗಿಂತ ಕಮ್ಮಿಯಾಗುತ್ತಾ ಬಂದಂತೆ ಹೆಚ್ಚಿನ ತಳಿಗಳು ಮೊಗ್ಗಿನ ಕಡೆ ತಿರುಗುತ್ತವೆ. ತಡವಾಗಿ ಬಿತ್ತಿದ ಪುಂಡಿ ಗಿಡ್ಡ ಇರುವಾಗಲೇ ಹೂ ಬಿಡುವುದು ಇದಕ್ಕೇ. ಗಿಡ್ಡ ಗಿಡದಲ್ಲಿ ಉದ್ದ ನಾರು ಎಲ್ಲಿಂದ ಬರಬೇಕು, ಅಲ್ವಾ?

ನಾರಿರುವುದು ತೊಗಟೆಯಲ್ಲಿ. ಒಂದೊಂದು ನಾರಿನ ಕೋಶ ಎರಡು-ಮೂರು ಮಿಲಿಮೀಟರ್ ಅಷ್ಟೇ. ಪೆಕ್ಟಿನ್ ಎಂಬ ಅಂಟು ಅವನ್ನು ಒಂದರ ಪಕ್ಕ ಒಂದು ಹಿಡಿದಿಟ್ಟಿರುವುದರಿಂದ ಮಾರುದ್ದದ ಎಳೆಯಾಗುತ್ತದೆ. ಹೂ ಬಿಡುವ ಹೊತ್ತಿಗೆ ಕೊಯ್ದರೆ ನಾರು ಚೆನ್ನ. ಬಿಟ್ಟಷ್ಟೂ ಲಿಗ್ನಿನ್ ಎಂಬ ಗಟ್ಟಿ ವಸ್ತು ಸೇರಿ ಒರಟಾಗುತ್ತದೆ.

ಕೊಯ್ದ ಕಾಂಡವನ್ನು ನೀರಲ್ಲಿ ಮುಳುಗಿಸಿ ಕೊಳೆಯಲು ಬಿಡುತ್ತಾರೆ. ಮೂಗು ಮುಚ್ಚಿಕೊಂಡೇ ಓಡಾಡಬೇಕಾದ ಕೆಲಸ. ನಾರಿನ ಕಟ್ಟುಗಳನ್ನು ತೊಗಟೆಗೂ ಕಟ್ಟಿಗೆಗೂ ಅಂಟಿಸಿರುವ ಪೆಕ್ಟಿನ್ ಅನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಬೇಗ ತೆಗೆದರೆ ತೊಗಟೆ ಬಿಡುವುದಿಲ್ಲ. ತಡವಾದರೆ ನಾರೂ ಕೊಳೆತು ಎಳೆ ಕೈಯಲ್ಲೇ ತುಂಡಾಗುತ್ತದೆ. ಅದಕ್ಕೇ ವಾರ ಕಳೆದ ಮೇಲೆ ಆಗಾಗ ಒಂದು ಕಾಂಡ ಎತ್ತಿ, ಬುಡದಿಂದ ಸುಲಿದು ನೋಡುವುದು.