ಗೋಳಗುಮ್ಮಟದ ಚಪ್ಪಾಳೆ, ಕಪ್ಪು ಕುಳಿಯ ಮಾರ್ದನಿ

ಅಕ್ಕನ ಮಗನನ್ನು ವಿಜಯಪುರದ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ಮೇಲಿನ ಗ್ಯಾಲರಿ ತಲುಪಿದ್ದೇ ಅವನು ಚಪ್ಪಾಳೆ ತಟ್ಟಿದ. ಸದ್ದು ಎದುರು ಗೋಡೆಗೆ ಬಡಿದು ವಾಪಸ್ ಬಂತು. ಒಳಗಿನ ಅಗಲ ಸುಮಾರು 38 ಮೀಟರ್. ಸದ್ದು ಸೆಕೆಂಡಿಗೆ 340 ಮೀಟರ್ ಓಡುತ್ತದೆ. ಹೋಗಿಬರಲು ಕಾಲು ಸೆಕೆಂಡೂ ಬೇಡ. ಅಂದರೆ ಒಳ್ಳೆಯ ಗಡಿಯಾರವಿದ್ದರೆ ಟೇಪು ಹಿಡಿಯದೆಯೇ ಗುಮ್ಮಟ ಅಳೆಯಬಹುದು, ಅಲ್ವಾ?

ಬೆಳಕನ್ನೂ ಬಿಡದೆ ನುಂಗುವ ಕಪ್ಪು ಕುಳಿಯ ಸುತ್ತಮುತ್ತಲನ್ನು ಅಳೆಯುವುದೂ ಹೀಗೇ. ಅಲ್ಲಿ ಸದ್ದಿನ ಬದಲು ಎಕ್ಸ್-ರೇ.

ನಡುಭಾಗ ವಿಪರೀತ ಬೆಳಗುವ, ಅಂದರೆ ಸಕ್ರಿಯ ಗ್ಯಾಲಕ್ಸಿಗಳ ಕೇಂದ್ರದಲ್ಲಿ ಲಕ್ಷಾಂತರ, ಕೋಟ್ಯಂತರ ಸೂರ್ಯರಷ್ಟು ಭಾರದ ಕಪ್ಪು ಕುಳಿ ಇರುತ್ತದೆ. ಅದರೊಳಗೆ ಬೀಳುವ ಅನಿಲ ತಟ್ಟೆಯಂತೆ ಸುತ್ತುತ್ತದೆ. ಕುಳಿಯ ಹತ್ತಿರದಲ್ಲೇ ಕೋಟಿಗಟ್ಟಲೆ ಡಿಗ್ರಿ ಕಾದ ಎಲೆಕ್ಟ್ರಾನ್‌ಗಳ ಮೋಡವಿದೆ. ಹೆಸರು ಕರೋನಾ. (ರೋಗಕ್ಕೂ ಇದಕ್ಕೂ ಸಂಬಂಧವಿಲ್ಲ!) ತಟ್ಟೆಯಿಂದ ಬಂದ ಬೆಳಕು ಈ ಎಲೆಕ್ಟ್ರಾನ್‌ಗಳಿಗೆ ಡಿಕ್ಕಿ ಹೊಡೆದು, ಶಕ್ತಿ ಪಡೆದು, ಎಕ್ಸ್-ರೇ ಆಗಿ ಹೊರಡುತ್ತದೆ.

ಅದನ್ನು ಹಿಡಿಯುವುದೇ ಪಜೀತಿ. ನಮ್ಮ ಗಾಳಿ ತಡೆಯುವುದರಿಂದ ಉಪಗ್ರಹ ಬೇಕು. ಮಾಮೂಲಿ ಕನ್ನಡಿಗೆ ನೇರ ಬಿದ್ದರೆ ಎಕ್ಸ್-ರೇ ಅದರೊಳಗೇ ಹೊಕ್ಕುಬಿಡುತ್ತದೆ. ವಿಜಯಪುರದ್ದೇ ಭೂತನಾಳ ಕೆರೆಗೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ಪುಟಿಯುತ್ತದೆ, ಮೇಲಿಂದ ಹಾಕಿದರೆ ಮುಳುಗುತ್ತದೆ. ಎಕ್ಸ್-ರೇ ಕೂಡ ಹಾಗೇ, ತೀರಾ ಓರೆಯಾಗಿ ಸವರಿದರೆ ಮಾತ್ರ ತಿರುಗುತ್ತದೆ. 2012ರಲ್ಲಿ ಹಾರಿದ ನೂಸ್ಟಾರ್ ಉಪಗ್ರಹದಲ್ಲಿ ಇಂಥ ಎರಡು ಕನ್ನಡಿಗಳಿವೆ. ಒಂದೊಂದರಲ್ಲೂ ಒಂದರೊಳಗೊಂದು ಕೂರಿಸಿದ 133 ಪದರ. ಕಿರಣ ಒಂದು ಬಿಂದುವಿಗೆ ಸೇರಲು 10 ಮೀಟರ್ ದೂರ ಬೇಕು. ಅಷ್ಟು ಉದ್ದದ ತೋಳನ್ನು ಮಡಚಿ ಕಳಿಸಿ, ಮೇಲೆ ಹೋದ ಮೇಲೆ ಬಿಚ್ಚಿದರು. ಬೆಳಕಿನ ಶಕ್ತಿಯನ್ನು ಎಲೆಕ್ಟ್ರಾನ್‌ವೋಲ್ಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಇದು ನೋಡುವ ಎಕ್ಸ್-ರೇಯ ಶಕ್ತಿ 3 ಸಾವಿರದಿಂದ 79 ಸಾವಿರ ಎಲೆಕ್ಟ್ರಾನ್‌ವೋಲ್ಟ್. ಕಣ್ಣಿಗೆ ಕಾಣುವ ಬೆಳಕಿನದು ಬರೀ ಎರಡು ಮೂರು. ಶಕ್ತಿ ಜಾಸ್ತಿ ಇದ್ದಷ್ಟೂ ದೂಳು, ಅನಿಲದ ಪರದೆ ತೂರಿ ಬರುತ್ತದೆ.

ಈಗ ಮಾರ್ದನಿ. ಕರೋನಾ ಒಮ್ಮೆ ಮಿನುಗಿದರೆ ಒಂದು ಪಾಲು ನೇರ ನಮ್ಮ ಕಡೆ ಬರುತ್ತದೆ. ಇನ್ನೊಂದು ಪಾಲು ತಟ್ಟೆಗೆ ಬಡಿದು, ಅಲ್ಲಿಂದ ತಿರುಗಿ, ತಡವಾಗಿ ಬರುತ್ತದೆ. 1ಎಚ್ 0707-495 ಎಂಬ ಗ್ಯಾಲಕ್ಸಿಯಲ್ಲಿ ಆ ತಡ ಸುಮಾರು 30 ಸೆಕೆಂಡು ಎಂದು 2009ರಲ್ಲಿ ತಿಳಿಯಿತು. ಅಷ್ಟರಲ್ಲಿ ಬೆಳಕು ಓಡುವುದು ಸುಮಾರು 90 ಲಕ್ಷ ಕಿಲೋಮೀಟರ್. ಇದನ್ನು ಕಂಡದ್ದು ಕಡಿಮೆ ಶಕ್ತಿಯ ಎಕ್ಸ್-ರೇಯಲ್ಲಿ. ಮುಂದೆ ನೂಸ್ಟಾರ್ ಬೇರೆ ಗ್ಯಾಲಕ್ಸಿಯಲ್ಲಿ ಹೆಚ್ಚು ಶಕ್ತಿಯ ಮಾರ್ದನಿಯನ್ನೂ ಹಿಡಿಯಿತು.

ಸುಲಭ ಅನ್ನಿಸಿದರೆ ಭಾನುವಾರ ಗುಮ್ಮಟ ಹತ್ತಿ ನೋಡಿ. ನೂರು ಮಕ್ಕಳು ಕೂಗುತ್ತಿರುತ್ತಾರೆ. ನಿಮ್ಮ ಚಪ್ಪಾಳೆಯ ಮಾರ್ದನಿ ಯಾವುದು? ಕರೋನಾ ಕೂಡ ಸುಮ್ನೆ ಇರುವುದಿಲ್ಲ, ಸದಾ ಮಿನುಗುತ್ತಲೇ ಇರುತ್ತದೆ. ಗಂಟೆಗಟ್ಟಲೆ ನೋಡಿ, ಬೇರೆ ಬೇರೆ ಶಕ್ತಿಯ ಕಿರಣಗಳ ಏರಿಳಿತವನ್ನು ಪಕ್ಕಪಕ್ಕ ಇಟ್ಟು, ಯಾವುದು ಎಷ್ಟು ಹಿಂದೆ ಬಿತ್ತು ಅಂತ ಹುಡುಕಬೇಕು.

"ಮಾಮಾ, ಇದು ನಂದು!" ಅಂದ ಹುಡುಗ, ಯಾರದೋ ಕೂಗು ತಿರುಗಿ ಬಂದಾಗ.