ಗಾಲಿ ದೊಡ್ಡದಾದರೆ ಕಾರು ಸ್ಪೋರ್ಟ್ಸ್ ಆಗಲ್ಲ

ಬೆಳಗಾವಿಯ ಉದ್ಯಮಬಾಗದಲ್ಲಿ ಗಾಲಿ, ಟೈರು, ಅಲೈನ್‌ಮೆಂಟ್ ಕೆಲಸ ಮಾಡುವ ನನಗೆ ಜಾಸ್ತಿ ಬರುವ ಪ್ರಶ್ನೆ ಒಂದೇ. "ಅಣ್ಣಾ, ಇದಕ್ಕ ಎಷ್ಟ್ ದೊಡ್ಡ ಅಲಾಯ್ ಕೂಡ್ತಾವ್ರೀ?" ಕೇಳುವ ಹುಡುಗನ ಫೋನಿನಲ್ಲಿ ಯಾವುದೋ ಹೊಸ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರಿನ ಫೋಟೋ ಇರುತ್ತದೆ. ಅದಕ್ಕೆ 20 ಅಥವಾ 21 ಇಂಚಿನ ಗಾಲಿ. ಇಂಚು ಅಂದರೆ ಟೈರು ಬಿಟ್ಟು ರಿಮ್ಮಿನ ಅಡ್ಡಳತೆ. ತನ್ನ ಕಾರೂ ಹಾಗೇ ಖಡಕ್ ಕಾಣಬೇಕು ಅನ್ನೋದು ಅವನ ಆಸೆ. ಆ ಆಸೆ ತಪ್ಪಲ್ಲ. ಆದರೆ ಆ ಕಾರಿಗೆ ಅಷ್ಟು ದೊಡ್ಡ ಗಾಲಿ ಯಾಕೆ ಹಾಕಿದ್ದಾರೆ ಅನ್ನೋದು ಗೊತ್ತಾದರೆ, ಎಷ್ಟೋ ಜನ ದುಡ್ಡು ಬೇರೆ ಕಡೆ ಹಾಕುತ್ತಾರೆ.

ಹಳೆಯ ಕಾರುಗಳನ್ನು ನೋಡಿ. 1961ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಬಂದ ಜಾಗ್ವಾರ್ ಇ-ಟೈಪ್‌ಗೆ ಇದ್ದದ್ದು 15 ಇಂಚಿನ ತಂತಿ ಗಾಲಿ. ಮೊದಮೊದಲ ಪೋರ್ಷೆ 911ಗೂ 15 ಇಂಚೇ. ಮಾರ್ಸೆಲ್ಲೊ ಗಾಂಡಿನಿ ವಿನ್ಯಾಸ ಮಾಡಿದ ಲ್ಯಾಂಬೋರ್ಗಿನಿ ಕೌಂಟಾಚ್ ಅಂತೂ ಒಂದು ಕಾಲದ ಹುಡುಗರ ಗೋಡೆಗಳ ಮೇಲೆಲ್ಲ ಪೋಸ್ಟರ್ ಆಗಿತ್ತು. 1974ರಲ್ಲಿ ಮಾರಾಟಕ್ಕೆ ಬಂದ ಅದರ ಮೊದಲ ಮಾದರಿಗೆ ಎಷ್ಟು ಇಂಚು ಗೊತ್ತಾ? ಬರೀ 14. ಆದರೂ ಅದನ್ನು ನೋಡಿ ಗಾಲಿ ಸಣ್ಣದಾಯಿತು ಅಂತ ಯಾರಿಗೂ ಅನಿಸುವುದಿಲ್ಲ, ಯಾಕೆಂದರೆ ಆ ಕಾರಿನ ಒಟ್ಟು ಎತ್ತರವೇ ಸುಮಾರು 107 ಸೆಂಟಿಮೀಟರ್, ಅಂದರೆ ಪಕ್ಕದಲ್ಲಿ ನಿಂತ ದೊಡ್ಡವರ ಸೊಂಟದ ಮಟ್ಟಕ್ಕೆ ಬರುತ್ತದೆ ಅಷ್ಟೇ.

ವಿಷಯ ಇರೋದೇ ಇಲ್ಲಿ. ನಮ್ಮ ಕಣ್ಣು ಗಾಲಿಯನ್ನು ಒಂಟಿಯಾಗಿ ನೋಡುವುದಿಲ್ಲ. ಗಾಲಿಯ ಮೇಲೆ ಎಷ್ಟು ಮೈ ಕೂತಿದೆ ಅಂತ ಅಳೆಯುತ್ತದೆ. ಮೈ ತಗ್ಗಾಗಿದ್ದರೆ 14 ಇಂಚೂ ಭರ್ಜರಿಯಾಗಿ ಕಾಣುತ್ತದೆ, ಎತ್ತರವಾಗಿದ್ದರೆ 18 ಇಂಚೂ ಆಟಿಕೆ ಗಾಲಿಯ ಹಾಗೆ ಕಾಣುತ್ತದೆ. ಇದರ ಜೊತೆಗೆ ಇನ್ನೆರಡು ಅಳತೆ ಇವೆ. ಮುಂದಿನ ಗಾಲಿಗೂ ಬಾಗಿಲಿಗೂ ನಡುವೆ ಎಷ್ಟು ಜಾಗ ಇದೆ ಅನ್ನೋದು ಒಂದು. ಗಾಲಿಯ ಮುಖ ಫೆಂಡರ್ ಅಂಚಿಗೆ, ಅಂದರೆ ಗಾಲಿಯ ಮೇಲೆ ಬರುವ ಮೈಯ ಅಂಚಿಗೆ, ಎಷ್ಟು ಹತ್ತಿರ ಇದೆ ಅನ್ನೋದು ಇನ್ನೊಂದು. ಇ-ಟೈಪ್‌ನ ಉದ್ದ ಬಾನೆಟ್ಟಿನ ಚಂದ ಮೊದಲನೆಯದರಲ್ಲಿದೆ. 911ನ ಹಿಂಭಾಗ ಅಷ್ಟು ಗಟ್ಟಿಯಾಗಿ ನೆಲ ಹಿಡಿದಂತೆ ಕಾಣೋದು ಎರಡನೆಯದರಿಂದ.

ಹಾಗಾದರೆ ಈಗಿನವರು ಯಾಕೆ ಗಾಲಿ ದೊಡ್ಡದು ಮಾಡುತ್ತಲೇ ಹೋದರು? ಒಂದು ಕಾರಣ ಬ್ರೇಕು. ಶಕ್ತಿ ಜಾಸ್ತಿಯಾದಂತೆ ದೊಡ್ಡ ಡಿಸ್ಕ್ ಬೇಕು, ಅದು ಕೂರಲು ದೊಡ್ಡ ರಿಮ್ ಬೇಕು. ಅದು ಸರಿಯಾದ ಕಾರಣವೇ. ಎಲೆಕ್ಟ್ರಿಕ್ ಕಾರುಗಳಲ್ಲಿ ಇನ್ನೊಂದು ಕಾರಣ ಸೇರಿಕೊಂಡಿತು. ಬ್ಯಾಟರಿಯನ್ನು ನೆಲದಡಿ ಹಾಸುತ್ತಾರೆ. ಅದರ ಮೇಲೆ ನೆಲ, ನೆಲದ ಮೇಲೆ ಸೀಟು, ಸೀಟಿನ ಮೇಲೆ ಮನುಷ್ಯ, ಅವನ ತಲೆಯ ಮೇಲೆ ಛಾವಣಿ. ಹೀಗೆ ಮೈ ಎತ್ತರವಾಗುತ್ತಾ ಹೋಗುತ್ತದೆ. ಆ ಎತ್ತರ ಕಾಣದ ಹಾಗೆ ಮಾಡಲು ವಿನ್ಯಾಸಗಾರರ ಕೈಯಲ್ಲಿರುವ ಉಪಾಯ ಎರಡು. ಬಾಗಿಲಿನ ಕೆಳಭಾಗಕ್ಕೆ ಕಪ್ಪು ಬಣ್ಣ ಕೊಟ್ಟು ತೆಳ್ಳಗೆ ತೋರಿಸುವುದು, ಮತ್ತೆ ಗಾಲಿ ದೊಡ್ಡದು ಮಾಡುವುದು. ಹ್ಯುಂಡೈ ಐಯಾನಿಕ್ 5 ಎನ್ ಸುಮಾರು 2.2 ಟನ್ ತೂಗುವ ಎತ್ತರದ ಕಾರು. ಅದಕ್ಕೆ 21 ಇಂಚಿನ ಫೋರ್ಜ್ಡ್, ಅಂದರೆ ಲೋಹ ಅದುಮಿ ಮಾಡಿದ ಗಾಲಿ. 2024ರ ಡಿಸೆಂಬರಿನಲ್ಲಿ ಜಾಗ್ವಾರ್ ತೋರಿಸಿದ ಉದ್ದ ಬಾನೆಟ್ಟಿನ ಎಲೆಕ್ಟ್ರಿಕ್ ಮಾದರಿ ಟೈಪ್ 00ಗೆ 23 ಇಂಚು! ಎಂಜಿನ್ನೇ ಇಲ್ಲದ ಕಾರಿಗೆ ಅಷ್ಟುದ್ದ ಬಾನೆಟ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಇ-ಟೈಪ್‌ನ ಆ ಅಳತೆಯನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ, ನನಗೆ ಅದು ಇಷ್ಟವೇ. 23 ಇಂಚು ಮಾತ್ರ ಒಪ್ಪಲಾರೆ.

ಈಗ ಆ ಫೋಟೋ ಹಿಡಿದು ನಮ್ಮ ರಸ್ತೆಗೆ ಬನ್ನಿ. ಲೆಕ್ಕ ಸುಲಭ ಇದೆ. ಟೈರಿನ ಮೇಲಿನ ಮೊದಲ ಸಂಖ್ಯೆ ಅಗಲ, ಮಿಲಿಮೀಟರಿನಲ್ಲಿ; ಎರಡನೆಯದು ಆ ಅಗಲದ ಎಷ್ಟು ಪ್ರತಿಶತ ಪಕ್ಕದ ಗೋಡೆ ಅನ್ನೋದು; ಆರ್ ನಂತರದ್ದು ರಿಮ್ಮಿನ ಇಂಚು. 205/55 ಆರ್16 ಟೈರಿನ ಪಕ್ಕದ ಗೋಡೆ, ನಾವು ಸೈಡ್‌ವಾಲ್ ಅನ್ನೋದು, ಸುಮಾರು 113 ಮಿಲಿಮೀಟರ್. ಅದೇ ಕಾರಿಗೆ 225/45 ಆರ್17 ಹಾಕಿದರೆ 101. 225/40 ಆರ್18 ಆದರೆ 90. ಮೂರರ ಹೊರಗಿನ ಎತ್ತರ ಮಾತ್ರ ಹೆಚ್ಚುಕಡಿಮೆ ಒಂದೇ, 632ರಿಂದ 637 ಮಿಲಿಮೀಟರ್. ಅಂದರೆ ರಿಮ್ ದೊಡ್ಡದಾದಷ್ಟೂ ರಬ್ಬರು, ಗಾಳಿ ಕಡಿಮೆಯಾಗುತ್ತದೆ ಅಷ್ಟೇ, ಕಾರು ಮೇಲೇಳುವುದಿಲ್ಲ. ಜಾಂಬೋಟಿ ದಾಟಿ ಚೋರ್ಲಾ ಘಾಟ್ ಹಿಡಿದು ಗೋವಾಕ್ಕೆ ಹೋಗುವವರಿಗೆ ಮಳೆಗಾಲದಲ್ಲಿ ಆ 23 ಮಿಲಿಮೀಟರಿನ ಬೆಲೆ ಗೊತ್ತಾಗುತ್ತದೆ. ನೀರು ತುಂಬಿದ ತಗ್ಗು ಎಷ್ಟು ಆಳ ಅಂತ ಮೇಲಿಂದ ಕಾಣುವುದಿಲ್ಲ. ಗಾಲಿ ಇಳಿದು ಆಚೆ ಅಂಚಿಗೆ ಹೊಡೆದಾಗ ಟೈರು ಪೂರಾ ಮಡಚಿಕೊಂಡು, ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಒಳಗಿನ ದಾರಗಳು ಹರಿಯುತ್ತವೆ. ಆಮೇಲೆ ಪಕ್ಕದಲ್ಲಿ ಗುಳ್ಳೆ ಎದ್ದಂತೆ ಉಬ್ಬು ಬರುತ್ತದೆ. ಆ ಟೈರಿಗೆ ರಿಪೇರಿ ಇಲ್ಲ. ಉಬ್ಬಿದ ಟೈರಿನಲ್ಲಿ ದಯವಿಟ್ಟು ಹೈವೇ ಹತ್ತಬೇಡಿ.

ನನ್ನನ್ನು ಕೇಳಿದರೆ ಕಂಪನಿ ಕೊಟ್ಟದ್ದಕ್ಕಿಂತ ಒಂದು ಇಂಚು ಮೇಲೆ ಹೋಗಿ, ಸಾಕು. ಅದೂ ಹೊರಗಿನ ಎತ್ತರ ಅಷ್ಟೇ ಇರುವ ಟೈರಿನ ಜೊತೆ.

ಗಾಲಿ ಹೇಗೆ ಮಾಡಿದ್ದು ಅನ್ನೋದು ಇಂಚಿಗಿಂತ ದೊಡ್ಡ ವಿಷಯ. ಬೆಳಗಾವಿಯವರಿಗೆ ಇದನ್ನು ಹೇಳೋದು ಸುಲಭ. ನಮ್ಮೂರಲ್ಲಿ ಫೌಂಡ್ರಿ ಗೊತ್ತಿಲ್ಲದ ಮನೆ ಕಡಿಮೆ ಅಲ್ವಾ? ಕರಗಿದ ಲೋಹ ಅಚ್ಚಿನಲ್ಲಿ ತಣ್ಣಗಾಗುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಬ್ಲೋ ಹೋಲ್ ಆಗುತ್ತದೆ, ಮೇಲಿಂದ ಕಾಣದೆ ಇದ್ದರೂ ಪೆಟ್ಟು ಬಿದ್ದಾಗ ಅಲ್ಲೇ ಬಿರುಕು ಶುರುವಾಗುತ್ತದೆ. ಎರಕದ ಅಲಾಯ್ ಗಾಲಿಯಲ್ಲೂ ಅದೇ ಕಥೆ. ಒಳ್ಳೆಯ ಕಂಪನಿಯವರು ಕಡಿಮೆ ಒತ್ತಡದಲ್ಲಿ ಲೋಹ ತುಂಬಿ, ಎಕ್ಸ್‌ರೇ ತೆಗೆದು, ಶಾಖ ಕೊಟ್ಟು ಹದ ಮಾಡುತ್ತಾರೆ. ಫೋರ್ಜ್ಡ್ ಗಾಲಿಯಲ್ಲಿ ಗಟ್ಟಿ ಅಲ್ಯೂಮಿನಿಯಂ ತುಂಡನ್ನೇ ಭಾರೀ ಪ್ರೆಸ್ಸಿನಲ್ಲಿ ಅದುಮುತ್ತಾರೆ. ಅದಕ್ಕೇ ಅದು ಹಗುರವೂ ಹೌದು, ಗಟ್ಟಿಯೂ ಹೌದು. 911ಗೆ ಅರವತ್ತರ ದಶಕದಲ್ಲಿ ಬಂದ ಫುಕ್ಸ್ ಗಾಲಿ, ಆ ಐದು ಎಸಳಿನದು, ಫೋರ್ಜ್ಡ್. ಇವತ್ತಿಗೂ ಅದಕ್ಕಿಂತ ಚಂದದ ಗಾಲಿ ನಾನು ನೋಡಿಲ್ಲ.

ಸ್ಟೀಲ್ ರಿಮ್ ಪೆಟ್ಟು ತಿಂದರೆ ಬಗ್ಗುತ್ತದೆ, ಬಡಿದು ಸರಿಮಾಡಬಹುದು. ಎರಕದ ಅಲಾಯ್ ಒಡೆಯುತ್ತದೆ. ಒಡೆದದ್ದಕ್ಕೆ ವೆಲ್ಡಿಂಗ್ ಮಾಡಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ವೆಲ್ಡಿಂಗಿನ ಬಿಸಿಗೆ ಆ ಜಾಗದ ಹದ ಹೋಗಿಬಿಡುತ್ತದೆ, ಬಣ್ಣ ಹೊಡೆದರೆ ಹೊಸದರಂತೆ ಕಾಣುತ್ತದೆ, ಬಲ ಮಾತ್ರ ಇರುವುದಿಲ್ಲ. ಗಾಲಿಯ ಕಡ್ಡಿಗೆ, ಅಂದರೆ ಸ್ಪೋಕಿಗೆ, ಬಿರುಕು ಬಿದ್ದಿದ್ದರೆ ಆ ಗಾಲಿ ಗುಜರಿಗೆ ಹೋಗಬೇಕು. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಕೊಳ್ಳುವಾಗ ಗಾಲಿಯ ಹಿಂಭಾಗ ತಿರುಗಿಸಿ ನೋಡಿ. ಎಷ್ಟು ಭಾರ ಹೊರುತ್ತದೆ ಅನ್ನೋದು, ಜೆಡಬ್ಲ್ಯುಎಲ್ ಅನ್ನುವ ಜಪಾನಿ ಮಾನದಂಡದ ಗುರುತು, ಇಟಿ ಅಂತ ಒಂದು ಸಂಖ್ಯೆ ಇರುತ್ತದೆ. ಇಟಿ ಅಂದರೆ ಆಫ್‌ಸೆಟ್, ಗಾಲಿಯ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖ ಎಷ್ಟು ಹೊರಗಿದೆ ಅನ್ನೋ ಅಳತೆ. ಅದು ಕಡಿಮೆಯಾದಷ್ಟೂ ಗಾಲಿ ಹೊರಗೆ ಬರುತ್ತದೆ, ಕಾರು ಅಗಲ ಕಾಣುತ್ತದೆ. ಆದರೆ ಬೇರಿಂಗಿನ ಮೇಲೆ ಭಾರ ಏರುತ್ತದೆ, ತಗ್ಗಿಗೆ ಬಿದ್ದಾಗ ಸ್ಟೀರಿಂಗ್ ಕೈಯಿಂದ ಎಳೆದುಕೊಳ್ಳುತ್ತದೆ. ಗಾಲಿಯ ನಡುವಿನ ರಂಧ್ರ ಕಾರಿನ ಹಬ್, ಅಂದರೆ ಗಾಲಿ ಕೂರುವ ಗುಂಬಕ್ಕಿಂತ ದೊಡ್ಡದಿದ್ದರೆ ಆ ಸಂದು ತುಂಬುವ ರಿಂಗ್ ಹಾಕಿಸಲೇಬೇಕು. ಇಲ್ಲದಿದ್ದರೆ ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿದರೂ ನಡುಕ ಹೋಗುವುದಿಲ್ಲ. ಗಾಲಿ ಬದಲಿಸಿದ್ದನ್ನು ವಿಮೆ ಕಂಪನಿಗೂ ಬರೆದು ತಿಳಿಸಿ.

ಇನ್ನು ಮುಂದಿನ ಎಲೆಕ್ಟ್ರಿಕ್ ಕಾರುಗಳ ಮಾತು. ಓಡುವಾಗ ಗಾಳಿ ಒಡ್ಡುವ ತಡೆಯಲ್ಲಿ ಸುಮಾರು ಕಾಲು ಭಾಗ ಗಾಲಿ ಮತ್ತು ಗಾಲಿಯ ಗೂಡಿನಿಂದಲೇ ಬರುತ್ತದೆ. ಟೆಸ್ಲಾ ಮಾಡೆಲ್ 3ನ 2024ರ ಲಾಂಗ್ ರೇಂಜ್ ಕಾರಿಗೆ ಅಮೆರಿಕದ ಲೆಕ್ಕದಲ್ಲಿ ಒಂದು ಚಾರ್ಜಿಗೆ 18 ಇಂಚಿನ ಮುಚ್ಚಿದ (ಕಡ್ಡಿಗಳ ಸಂದಿಗೆ ಮುಚ್ಚಳ ಇರುವ) ಗಾಲಿಯಲ್ಲಿ 341 ಮೈಲಿ, 19 ಇಂಚಿನಲ್ಲಿ 305 ಮೈಲಿ. ಒಂದು ಇಂಚಿಗೆ ಸುಮಾರು 58 ಕಿಲೋಮೀಟರ್ ಹೋಯಿತು! ಬೆಳಗಾವಿಯಿಂದ ಗೋಕಾಕ ಕಡೆ ಹೊರಟರೆ ಊರು ಹತ್ತಿರ ಬರುವಷ್ಟು ದೂರ ಅದು.

ಗಾಲಿ ಮುಚ್ಚಿದರೆ ಬ್ರೇಕ್ ಬಿಸಿಯಾಗಲ್ವಾ ಅಂತ ಕೇಳುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಮೋಟಾರೇ ವೇಗ ತಗ್ಗಿಸಿ ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ದಿನನಿತ್ಯದ ಓಡಾಟದ ಬ್ರೇಕಿಂಗಿನಲ್ಲಿ ಸುಮಾರು 90 ಪ್ರತಿಶತ ಹೀಗೇ ಆಗುತ್ತದೆ ಅಂತ ಪೋರ್ಷೆಯವರು ತಮ್ಮ ಎಲೆಕ್ಟ್ರಿಕ್ ಕಾರು ಟೇಕಾನ್ ತಂದಾಗ ಹೇಳಿದ್ದರು. ಹಾಗಾಗಿ ಕಡ್ಡಿಗಳ ನಡುವೆ ಅಷ್ಟೊಂದು ಸಂದು ಬೇಕಿಲ್ಲ. ಮುಂದೆ ಸಪಾಟು ಮುಖದ ಗಾಲಿಗಳೇ ಜಾಸ್ತಿ ಬರುತ್ತವೆ, ಅದಕ್ಕೆ ನಮ್ಮ ಕಣ್ಣೂ ಒಗ್ಗಿಕೊಳ್ಳುತ್ತದೆ.

ನನಗೆ ನಿಜವಾಗಿ ಖುಷಿ ಕೊಡುವುದು ಬ್ಯಾಟರಿಯ ಜಾಗ ಬದಲಾಗುತ್ತಿರುವುದು. ಟೇಕಾನ್‌ನಲ್ಲಿ ಹಿಂದೆ ಕೂತವರ ಪಾದಕ್ಕೆ ಬ್ಯಾಟರಿಯಲ್ಲೇ ಗುಂಡಿ ಬಿಟ್ಟು ಸೀಟು ತಗ್ಗಿಸಿದರು. ರಿಮಾಕ್ ನೆವೆರಾ ಅನ್ನುವ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರಿನಲ್ಲಿ ಬ್ಯಾಟರಿ ಎಚ್ ಅಕ್ಷರದ ಆಕಾರದಲ್ಲಿದೆ, ಚಾಲಕ ಅದರ ಮೇಲೆ ಕೂರುವುದಿಲ್ಲ. 2023ರ ಪೋರ್ಷೆ ಮಿಷನ್ ಎಕ್ಸ್ ಮಾದರಿಯಲ್ಲಿ ಅದು ಸೀಟುಗಳ ಹಿಂದೆ ಹೋಯಿತು, ಮೊದಲು ಎಂಜಿನ್ ಇರುತ್ತಿದ್ದ ಜಾಗಕ್ಕೆ. ಮನುಷ್ಯ ಮತ್ತೆ ನೆಲಕ್ಕೆ ಹತ್ತಿರ ಕೂತ. ಇದು ಕಡಿಮೆ ಬೆಲೆಯ ಕಾರುಗಳಿಗೂ ಬಂದರೆ ಮೈ ತಗ್ಗುತ್ತದೆ, ಎತ್ತರ ಮುಚ್ಚಲು ದೊಡ್ಡ ಗಾಲಿಯ ಅಗತ್ಯವೇ ಇರುವುದಿಲ್ಲ.

ಅಲ್ಲಿಯವರೆಗೆ ನಮಗೆ ಸಿಗುವುದು ಎತ್ತರದ, ಭಾರದ ಎಲೆಕ್ಟ್ರಿಕ್ ಕಾರುಗಳೇ. ಮಹೀಂದ್ರಾ ಬಿಇ 6ಗೆ 18ರಿಂದ 20 ಇಂಚಿನವರೆಗೆ ಗಾಲಿ ಬರುತ್ತವೆ. ನಮ್ಮ ಜಿಲ್ಲೆಯ ಹಳ್ಳಿ ರಸ್ತೆಗಳಲ್ಲಿ ಓಡಾಡುವವರಿಗೆ ನಾನು 18 ಅಥವಾ 19 ಹೇಳುತ್ತೇನೆ. ಎಲೆಕ್ಟ್ರಿಕ್ ಕಾರಿಗೆ ಹೊರಗಿನ ಅಲಾಯ್ ಹಾಕಿಸುವುದಾದರೆ ಮೊದಲು ಹೊರುವ ಭಾರ ನೋಡಿ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಇದು ನೂರಾರು ಕಿಲೋ ಜಾಸ್ತಿ ತೂಗುತ್ತದೆ. ಟೈರಿಗೂ ಅಷ್ಟೇ, ಹೆಚ್ಚು ಭಾರಕ್ಕೆ ಅಂತಲೇ ಎಚ್‌ಎಲ್ ಗುರುತಿನ ಟೈರುಗಳು ಬಂದಿವೆ. ಮುಚ್ಚಿದ ಗಾಲಿ ಇರುವವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಆ ಮುಚ್ಚಳದ ಹಿಂದೆ ಕೂತು ಒಣಗಿ ಗಟ್ಟಿಯಾಗುತ್ತದೆ. 80ರ ವೇಗದಲ್ಲಿ ಸ್ಟೀರಿಂಗ್ ನಡುಗಲು ಶುರುವಾದರೆ ಬ್ಯಾಲೆನ್ಸಿಂಗಿಗೆ ಬರುವ ಮೊದಲು ಮುಚ್ಚಳ ಬಿಚ್ಚಿ, ಒಳಗಿನ ಅಂಚಿಗೆ ಜೋರಾಗಿ ನೀರು ಬಿಟ್ಟು ತೊಳೆದು ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.