ಎದುರಾಳಿಯ ಮಾತನ್ನೂ ನೀನೇ ಹೇಳು

ಆಗಸ್ಟ್ ಬಂತೆಂದರೆ ನಮ್ಮ ಕಾಲೇಜಿನಲ್ಲಿ ಮೂಟ್ ಕೋರ್ಟಿನ ತಯಾರಿ ಶುರು. ಮೂಟ್ ಅಂದರೆ ಅಣಕು ನ್ಯಾಯಾಲಯ. ಮಕ್ಕಳು ಕರಿ ಕೋಟು, ಬಿಳಿ ಬ್ಯಾಂಡ್ ಹಾಕಿಕೊಂಡು ವಾದ ಮಾಡುತ್ತಾರೆ. ಎದುರಿಗೆ ಜಡ್ಜ್‌ಗಳ ಗತ್ತಿನಲ್ಲಿ ನಾವು ಮೂವರು ಮೇಷ್ಟ್ರುಗಳು. ಕರಾವಳಿಯ ಕಾನೂನು ಕಾಲೇಜೊಂದರಲ್ಲಿ ಅಂತರರಾಷ್ಟ್ರೀಯ ಕಾನೂನು ಪಾಠ ಮಾಡುತ್ತಾ ನನಗೀಗ ಹತ್ತೊಂಬತ್ತು ವರ್ಷ. ನಿಜ ಹೇಳಬೇಕೆಂದರೆ, ಪಾಠಕ್ಕಿಂತ ಜಾಸ್ತಿ ಹೊತ್ತು ಹೋಗಿರುವುದು ಈ ಮೂಟ್ ಮಕ್ಕಳ ಜೊತೆಗೇ.

ಕೆಲವು ವರ್ಷಗಳ ಹಿಂದೆ ಅಭ್ಯಾಸದ ಸುತ್ತಿಗೆ ಒಂದು ಸಮಸ್ಯೆಯನ್ನು ನಾನೇ ಬರೆದಿದ್ದೆ. ಒಂದು ಕಡೆ ಮುಳುಗುತ್ತಿರುವ ಪುಟ್ಟ ದ್ವೀಪ ದೇಶ. ಇನ್ನೊಂದು ಕಡೆ ನೂರಾರು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತವಾದ ದೊಡ್ಡ ದೇಶ. ಚೀಟಿ ಎತ್ತಿದಾಗ ಮೂರನೇ ವರ್ಷದ ಹುಡುಗಿಯೊಬ್ಬಳಿಗೆ ದೊಡ್ಡ ದೇಶದ ವಕಾಲತ್ತು ಬಂತು. ಅವಳು ಉಳ್ಳಾಲದ ಕಡೆಯವಳು. ಮನೆಯ ಪಡುಗಡೆ ಮೂರು ಸಾಲು ತೆಂಗು ಇತ್ತಂತೆ. ಆಗ ಉಳಿದದ್ದು ಒಂದು ಸಾಲು.

"ಮೇಡಂ, ನನ್ನಿಂದ ಆಗ್ಲಿಕ್ಕಿಲ್ಲ. ನಮ್ಮ ಮನೆಗೇ ಕಡಲು ಬರ್ತಾ ಉಂಟು. ನಾನು ಅವರ ಪರ ಹೇಗೆ ಮಾತಾಡುವುದು?"

"ಎಂತ ಮಾರಾಯ್ತಿ, ಅದಕ್ಕೇ ನೀನು ಮಾತಾಡಬೇಕಾದದ್ದು" ಅಂದೆ. ಹೇಳುವಾಗ ನನಗೂ ಅಷ್ಟೇನೂ ಧೈರ್ಯ ಇರಲಿಲ್ಲ. ಸುಮ್ನೆ ಅವಳ ಮನಸ್ಸು ನೋಯಿಸುತ್ತಿದ್ದೇನಾ ಅಂತ ಆ ರಾತ್ರಿ ಯೋಚನೆ ಆಯಿತು.

ವಾರ ಕಳೆದು ಅವಳು ಎದ್ದು ನಿಂತಳು. "ಯುವರ್ ಎಕ್ಸಲೆನ್ಸಿ, ವಾದಿ ದೇಶದ ದಂಡೆ ಹೋದದ್ದು ನಿಜ. ಆದರೆ ಹೋದದ್ದು ಯಾವುದರಿಂದ? ನನಗೆ ಗೊತ್ತಿರುವ ಒಂದು ತೀರವಿದೆ. ಅಲ್ಲಿ ಅಳಿವೆಬಾಗಿಲಲ್ಲಿ ದೋಣಿಗಳಿಗೆ ಅನುಕೂಲವಾಗಲಿ ಅಂತ ಅಲೆ ತಡೆಯುವ ಗೋಡೆ, ಅಂದರೆ ಬ್ರೇಕ್‌ವಾಟರ್ ಕಟ್ಟಿದರು. ಮರಳು ಸಾಗುವ ದಾರಿ ತಪ್ಪಿತು. ಪಕ್ಕದ ದಂಡೆ ಕರಗಿತು. ಆಮೇಲೆ ಲಾರಿಗಳಲ್ಲಿ ಕಲ್ಲು ತಂದು ಸುರಿದರು. ಕಲ್ಲು ಇದ್ದಲ್ಲಿ ದಂಡೆ ನಿಂತಿತು, ಕಲ್ಲು ಮುಗಿದಲ್ಲಿಂದ ಕೊರೆತ ಶುರುವಾಯಿತು. ಆ ದಂಡೆಯ ತೆಂಗಿನ ಮರ ಬಿದ್ದದ್ದಕ್ಕೆ ಸಾವಿರಾರು ಮೈಲಿ ದೂರದ ಚಿಮಣಿಯೇ ಕಾರಣ ಅಂತ ಯಾರು ಸಾಬೀತು ಮಾಡುತ್ತಾರೆ?"

ಎದುರು ತಂಡ ಬಾಯಿ ಮುಚ್ಚಿ ಕೂತಿತು. ಪುಸ್ತಕ ಓದಿ ಬಂದ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಮರುದಿನ ಪಕ್ಷ ಅದಲುಬದಲು. ಈಗ ಅವಳು ದ್ವೀಪ ದೇಶದ ವಕೀಲೆ. ತನ್ನದೇ ನಿನ್ನೆಯ ವಾದವನ್ನು ಒಂದೊಂದೇ ಎಳೆ ಬಿಚ್ಚಿದಳು. ಬ್ರೇಕ್‌ವಾಟರ್ ಒಂದು ಕಾರಣ ಇರಬಹುದು, ಆದರೆ ಕಡಲಿನ ಮಟ್ಟ ಏರಿದಷ್ಟೂ ಪ್ರತಿ ಮಳೆಗಾಲದ ಅಲೆ ಇನ್ನಷ್ಟು ಒಳಗೆ ಬರುತ್ತದೆ. ಇಬ್ಬರು ಸೇರಿ ಹೊಡೆದಾಗ ಒಬ್ಬ "ಅವನೂ ಹೊಡೆದ" ಅಂತ ತಪ್ಪಿಸಿಕೊಳ್ಳಲು ಬರುವುದಿಲ್ಲ. ಈ ವಾದ ಮೊದಲ ದಿನವೇ ಅವಳಿಗೆ ಸಿಕ್ಕಿದ್ದರೆ ಇಷ್ಟು ಗಟ್ಟಿಯಾಗಿ ಬರುತ್ತಿರಲಿಲ್ಲ. ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಹಿಂದಿನ ದಿನ ಅವಳೇ ಹೊಡೆದು ನೋಡಿದ್ದಳಲ್ಲ.

ಈಗ ಎಲ್ಲ ಕಾಲೇಜಿನ ಬಾಯಲ್ಲೂ 'ಗ್ಲೋಬಲ್ ಲೀಡರ್' ಅನ್ನುವ ಮಾತು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷವಂತೂ ಗೇಟಿನಲ್ಲೇ ಫ್ಲೆಕ್ಸ್ ಬೀಳುತ್ತದೆ. ಟೈ ಕಟ್ಟಿದ ತರಬೇತುದಾರರು ಬರುತ್ತಾರೆ, ಸ್ಲೈಡ್ ತೋರಿಸುತ್ತಾರೆ. ಮಕ್ಕಳು ಗುಂಪಾಗಿ ಕಾಗದದ ಗೋಪುರ ಕಟ್ಟುತ್ತಾರೆ. ಸಂಜೆ ಸರ್ಟಿಫಿಕೇಟು, ಫೋಟೊ. ನಾನೂ ಅಂಥ ಫೋಟೊಗಳಲ್ಲಿ ಹಲ್ಲು ಬಿಟ್ಟು ನಿಂತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ದಿನ ಮುಗಿದ ಮೇಲೆ ಯಾವ ಹುಡುಗನೂ ಇನ್ನೊಂದು ದೇಶದವನ ಚಪ್ಪಲಿಯಲ್ಲಿ ಕಾಲಿಟ್ಟು ನಾಲ್ಕು ಹೆಜ್ಜೆ ನಡೆದದ್ದನ್ನು ನಾನು ನೋಡಿಲ್ಲ.

ಇನ್ನೊಂದು ಭ್ರಮೆ ಇಂಗ್ಲಿಷಿನದು. ಚಂದದ ಉಚ್ಚಾರ ಇದ್ದವನು ತಾನಾಗಿಯೇ ಜಗತ್ತಿನ ನಾಯಕ, ತುಳುವಿನಲ್ಲೋ ಬ್ಯಾರಿಯಲ್ಲೋ ಕನ್ನಡದಲ್ಲೋ ಯೋಚಿಸುವವನು ಹಿಂದಿನ ಬೆಂಚು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡಿಗೆ ಹೋಗಿ, 1963ರಲ್ಲಿ ಅಲ್ಲಿನ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದರು. ಅದು ಜಗತ್ತಿನ ಅತಿ ಹೆಸರುವಾಸಿ ಚರ್ಚಾಕೂಟಗಳಲ್ಲೊಂದು. ಆದರೆ ಇಂಗ್ಲೆಂಡಿಗೆ ಹೊರಡುವ ಹೊತ್ತಿನಲ್ಲಿ ಅವರ ಕೈಯಿಂದ ಬಂದದ್ದು ಕನ್ನಡ ನಾಟಕ. ನನ್ನ ಮಕ್ಕಳಿಗೆ ಇದನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತೇನೆ. ಅವರಿಗೆ ಬೋರ್ ಆಗುತ್ತದೆ. ಆಗಲಿ.

ಮೂಟಿಗೆ ವಾಪಸ್ ಬರುತ್ತೇನೆ. ಅಂತರರಾಷ್ಟ್ರೀಯ ಕಾನೂನಿನ ಮೂಟ್‌ಗಳಲ್ಲಿ ದೊಡ್ಡಣ್ಣ ಅಂದರೆ ಜೆಸಪ್. 1960ರಲ್ಲಿ ಹಾರ್ವರ್ಡಿನಲ್ಲಿ ಸಣ್ಣದಾಗಿ ಹುಟ್ಟಿದ್ದು ಇಂದು ಹತ್ತಾರು ದೇಶಗಳ ವಿದ್ಯಾರ್ಥಿಗಳ ಸ್ಪರ್ಧೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1999ರಲ್ಲಿ, ಮತ್ತೆ 2013ರಲ್ಲಿ ಅದನ್ನು ಗೆದ್ದಿದೆ. ಅದರ ನಿಯಮದಲ್ಲಿ ನನಗೆ ಬಹಳ ಇಷ್ಟವಾದದ್ದು ಇದು: ಎರಡು ಕಾಲ್ಪನಿಕ ದೇಶಗಳ ನಡುವೆ ಜಗಳ. ಪ್ರತಿ ತಂಡವೂ ಎರಡೂ ದೇಶಗಳ ಪರವಾಗಿ ಎರಡು ಮೆಮೋರಿಯಲ್ ಬರೆಯಬೇಕು. ಮೆಮೋರಿಯಲ್ ಅಂದರೆ ಲಿಖಿತ ವಾದ. ಆಮೇಲೆ ಒಂದು ಸುತ್ತಿನಲ್ಲಿ ಈ ದೇಶಕ್ಕೆ, ಇನ್ನೊಂದು ಸುತ್ತಿನಲ್ಲಿ ಆ ದೇಶಕ್ಕೆ ನಿಂತು ಮಾತಾಡಬೇಕು. ಪಕ್ಷಕ್ಕೆ 45 ನಿಮಿಷ. ಮಧ್ಯೆ ಮಧ್ಯೆ ಜಡ್ಜ್‌ಗಳು ಪ್ರಶ್ನೆ ಹಾಕಿ ಹಾಕಿ ಬರೆದುಕೊಂಡು ಬಂದದ್ದನ್ನೆಲ್ಲ ಮರೆಸಿಬಿಡುತ್ತಾರೆ.

ಇದಕ್ಕೊಂದು ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಎರಡೂ ಕಡೆ ವಾದಿಸಲು ಕಲಿತವನು ಯಾವ ಕಡೆಯೂ ನಿಲ್ಲದವನಾಗಿಬಿಡಬಹುದು. ಚುರುಕು ನಾಲಿಗೆ, ಕಪಾಟು ತುಂಬ ಟ್ರೋಫಿ, ಆದರೆ ಊರಿಗೆ ಒಂದು ಅರ್ಜಿ ಬರೆದುಕೊಡು ಅಂದರೆ ಪುರುಸೊತ್ತಿಲ್ಲ. ಅಂಥವರನ್ನೂ ನಾನೇ ತಯಾರು ಮಾಡಿ ಕಳಿಸಿದ್ದೇನೆ. ಹಾಗಾಗಿ ಈಚೆಗೆ ಮೂಟಿನ ಜೊತೆಗೆ ಒಂದು ನಿಜವಾದ ಕಥೆಯನ್ನೂ ಓದಿಸುತ್ತೇನೆ. ಅದು ಪೆಸಿಫಿಕ್ ಸಾಗರದ ಕಾನೂನು ವಿದ್ಯಾರ್ಥಿಗಳ ಕಥೆ.

ಯೂನಿವರ್ಸಿಟಿ ಆಫ್ ದಿ ಸೌತ್ ಪೆಸಿಫಿಕ್ ಅಂತ ಒಂದು ವಿಶ್ವವಿದ್ಯಾಲಯ. ಶುರುವಾದದ್ದು 1968ರಲ್ಲಿ. 12 ದ್ವೀಪ ದೇಶಗಳು ಸೇರಿ ನಡೆಸುವ ಕೂಡು ಆಸ್ತಿ ಅದು. ಮುಖ್ಯ ಕ್ಯಾಂಪಸ್ ಫಿಜಿಯ ಸುವಾದಲ್ಲಿ, ಕಾನೂನು ವಿಭಾಗ ವನುವಾಟುವಿನ ರಾಜಧಾನಿ ಪೋರ್ಟ್ ವಿಲಾದಲ್ಲಿ. ವನುವಾಟುವಿನ ಜನಸಂಖ್ಯೆ ಸುಮಾರು 3 ಲಕ್ಷ. ನಮ್ಮ ಒಂದು ದೊಡ್ಡ ತಾಲೂಕಿನಷ್ಟು. ಅಷ್ಟು ಜನರಲ್ಲೇ ನೂರಕ್ಕೂ ಹೆಚ್ಚು ಭಾಷೆಗಳು. 2015ರಲ್ಲಿ ಪ್ಯಾಮ್ ಅನ್ನುವ ಚಂಡಮಾರುತ ಆ ದೇಶವನ್ನು ಮಗುಚಿ ಹಾಕಿತ್ತು.

2019ರಲ್ಲಿ ಅಲ್ಲಿನ 27 ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನೆ ಬಂತು: ಹವಾಮಾನ ಬದಲಾವಣೆಯ ವಿರುದ್ಧ ಕಾನೂನಿನಲ್ಲಿ ಯಾವ ದಾರಿ ಇದೆ? ಇದ್ದ ದಾರಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ಅವರು ಹಿಡಿದರು. ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದ ಬಾಗಿಲು ತಟ್ಟುವುದು. ಸಂಘಟನೆ ಕಟ್ಟಿದರು, ಪೆಸಿಫಿಕ್ ದೇಶಗಳ ನಾಯಕರಿಗೆ ಪತ್ರ ಬರೆದರು. ಮುಂದೆ ಬಂದದ್ದು ವನುವಾಟು ಸರ್ಕಾರ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಮಕ್ಕಳ ಜಾಣ್ಮೆ ಇರುವುದು ಇಲ್ಲೇ. ಸಿಟ್ಟು ಬಂದವರು ಏನು ಮಾಡುತ್ತಾರೆ? ಕೇಸು ಹಾಕುತ್ತಾರೆ. ಆದರೆ ಆ ನ್ಯಾಯಾಲಯದಲ್ಲಿ ಒಂದು ದೇಶ ಇನ್ನೊಂದರ ಮೇಲೆ ಕೇಸು ಹಾಕಬೇಕಾದರೆ ಎದುರಾಳಿಯ ಒಪ್ಪಿಗೆಯೂ ಒಂದಲ್ಲ ಒಂದು ರೂಪದಲ್ಲಿ ಇರಬೇಕು. ಯಾವ ದೊಡ್ಡ ದೇಶ ತಾನಾಗಿ ಕಟಕಟೆಗೆ ಬರುತ್ತದೆ, ಹೇಳಿ? ಇನ್ನೊಂದು ದಾರಿ ಸಲಹಾ ಅಭಿಪ್ರಾಯ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಂದು ಪ್ರಶ್ನೆ ಕೇಳಿದರೆ ನ್ಯಾಯಾಲಯ ಉತ್ತರ ಹೇಳುತ್ತದೆ. ಅಲ್ಲಿ ವಾದಿ ಪ್ರತಿವಾದಿ ಇಲ್ಲ, ಸೋತವರು ಗೆದ್ದವರು ಇಲ್ಲ. ಅದನ್ನು ಪಾಲಿಸಲೇಬೇಕು ಅಂತ ಕಟ್ಟೂ ಇಲ್ಲ, ಆದರೆ ತೂಕ ಇದೆ. 2011ರಲ್ಲಿ ಪಲಾವು ದೇಶ ಇದೇ ದಾರಿ ಹಿಡಿಯಲು ಹೊರಟು ನಡುವೆಯೇ ನಿಂತಿತ್ತು.

ಅಂದ ಮೇಲೆ ಎಲ್ಲವೂ ಪ್ರಶ್ನೆಯ ಒಕ್ಕಣೆಯ ಮೇಲೆ ನಿಂತಿತ್ತು. ಮೊನಚು ಜಾಸ್ತಿಯಾದರೆ ದೊಡ್ಡ ದೇಶಗಳು ಎದ್ದು ಹೋಗುತ್ತವೆ. ಮೊನಚೇ ಇಲ್ಲದಿದ್ದರೆ ಉತ್ತರಕ್ಕೂ ಬೆಲೆ ಇಲ್ಲ. ಕೊನೆಗೆ ಸಭೆಯ ಮುಂದೆ ಬಂದದ್ದು ಎರಡು ಪ್ರಶ್ನೆ. ಹವಾಮಾನ ಕಾಪಾಡಲು ದೇಶಗಳಿಗೆ ಕಾನೂನಿನಲ್ಲಿ ಏನು ಹೊಣೆ ಇದೆ? ಹೊಣೆ ಮರೆತು ದೊಡ್ಡ ಹಾನಿ ಮಾಡಿದರೆ ಪರಿಣಾಮ ಏನು? ಯಾವ ದೇಶದ ಹೆಸರನ್ನೂ ಬೊಟ್ಟು ಮಾಡಿ ಹೇಳಲಿಲ್ಲ. ವನುವಾಟುವಿನ ಜೊತೆ ಕರಡು ತಿದ್ದಲು ಕೂತವರಲ್ಲಿ ಬಾಂಗ್ಲಾದೇಶ, ವಿಯೆಟ್ನಾಂ ಇದ್ದವು. ಅಷ್ಟೇ ಅಲ್ಲ, ಜರ್ಮನಿಯೂ ಇತ್ತು. ಕೈಗಾರಿಕೆಯಿಂದಲೇ ಬೆಳೆದ ದೇಶ ಅದು! ಅದರ ಮನಸ್ಸಿನಲ್ಲಿ ಏನಿದೆ, ಯಾವ ಪದ ಅದಕ್ಕೆ ಚುಚ್ಚುತ್ತದೆ ಅಂತ ಗೊತ್ತಿಲ್ಲದೆ ಅಂಥ ಕರಡು ಆಗುವುದಿಲ್ಲ.

2023ರ ಮಾರ್ಚ್ ತಿಂಗಳ ಶುರುವಿನಲ್ಲಿ ಜೂಡಿ, ಕೆವಿನ್ ಅನ್ನುವ ಎರಡು ಚಂಡಮಾರುತಗಳು ಒಂದೇ ವಾರದಲ್ಲಿ ವನುವಾಟುವಿಗೆ ಬಡಿದವು. ಮಾರ್ಚ್ 29ರಂದು ಸಾಮಾನ್ಯ ಸಭೆಯಲ್ಲಿ ನಿರ್ಣಯ ಬಂತು. ಯಾರೂ ಮತಕ್ಕೆ ಹಾಕಿ ಅನ್ನಲಿಲ್ಲ. ಒಮ್ಮತದಿಂದಲೇ ಪಾಸಾಯಿತು. 130ಕ್ಕೂ ಹೆಚ್ಚು ದೇಶಗಳು ಸಹಿ ಜೋಡಿಸಿದ್ದವು. 2024ರ ಡಿಸೆಂಬರ್ 2ರಿಂದ ಹೇಗ್‌ನ ಪೀಸ್ ಪ್ಯಾಲೇಸಿನಲ್ಲಿ ವಿಚಾರಣೆ. 96 ದೇಶಗಳು ಮಾತಾಡಿದವು. ಮೊದಲ ದಿನವೇ ಮಾತಾಡಿದವರಲ್ಲಿ ಆ ಹಳೆಯ ತರಗತಿಯ ವಿದ್ಯಾರ್ಥಿನಿ, ಸಾಲೊಮನ್ ದ್ವೀಪಗಳ ಸಿಂಥಿಯಾ ಹೌನಿಉಹಿ ಒಬ್ಬರು. 2025ರ ಜುಲೈ 23ರಂದು ನ್ಯಾಯಾಲಯ ಸರ್ವಾನುಮತದಿಂದ ಹೇಳಿತು: ಹೊಣೆ ಇದೆ. ಮುರಿದರೆ ಅದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ. ಪರಿಹಾರ ಕೊಡಬೇಕಾಗಿ ಬರಬಹುದು.

ಆ ಅಭಿಪ್ರಾಯ ಓದುವಾಗ ಒಂದು ಕಡೆ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕಾರಣ ಮತ್ತು ಹಾನಿಯ ನಡುವಿನ ಎಳೆ ಸ್ಥಳೀಯ ಮಾಲಿನ್ಯದಲ್ಲಿ ಇರುವಷ್ಟು ಗಟ್ಟಿಯಾಗಿ ಇಲ್ಲಿ ಇಲ್ಲ, ಹಾಗಂತ ಅದನ್ನು ಗುರುತಿಸುವುದು ಅಸಾಧ್ಯವೂ ಅಲ್ಲ ಅನ್ನುವ ಅರ್ಥದ ಮಾತು ಅಲ್ಲಿದೆ. ಉಳ್ಳಾಲದ ಹುಡುಗಿ ಎರಡು ದಿನ ಎರಡು ಕಡೆ ನಿಂತು ಹೇಳಿದ್ದು ಇದನ್ನೇ ಅಲ್ವಾ? ಆ ಪುಟದ ಫೋಟೊ ತೆಗೆದು ಅವಳಿಗೆ ವಾಟ್ಸ್ಆ್ಯಪ್ ಮಾಡಿದೆ. ಈಗ ಅವಳು ವಕೀಲೆ. ಸಂಜೆ ಉತ್ತರ ಬಂತು: "ಮೇಡಂ, ಮೊದಲ ದಿನದ್ದಕ್ಕೆ ನನಗೆ ಮಾರ್ಕ್ಸ್ ಕಮ್ಮಿ ಕೊಟ್ಟಿದ್ರಿ."

ಈ ಕಥೆ ಓದಿಸುವಾಗ ತರಗತಿಗೆ ಇರುಸುಮುರುಸಾಗುವ ಘಟ್ಟ ಒಂದಿದೆ. ಎಲ್ಲರೂ ವನುವಾಟುವಿಗೆ ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ ನಾನು ಕೇಳುತ್ತೇನೆ, "ಭಾರತ ಅಲ್ಲಿ ಏನು ಹೇಳಿತು?" ಭಾರತವೂ ಆ ವಿಚಾರಣೆಯಲ್ಲಿ ವಾದ ಮಾಡಿತ್ತು. ಹಿಂದಿನಿಂದ ಹೊಗೆ ಬಿಟ್ಟು ಬೆಳೆದ ದೇಶಗಳೇ ಹೆಚ್ಚಿನ ಭಾರ ಹೊರಬೇಕು, ಈಗಾಗಲೇ ಒಪ್ಪಿಕೊಂಡದ್ದರ ಆಚೆಗೆ ಹೊಸ ಹೊಣೆಗಳನ್ನು ನ್ಯಾಯಾಲಯ ಹುಟ್ಟುಹಾಕಬಾರದು ಅಂತ. ಮಕ್ಕಳು ಮುಖ ಮುಖ ನೋಡುತ್ತಾರೆ. ಬಿಡುವ ಹೊಗೆಯ ಒಟ್ಟು ಲೆಕ್ಕದಲ್ಲಿ ಇಂದು ಚೀನಾ, ಅಮೆರಿಕ ಬಿಟ್ಟರೆ ನಾವೇ. ತಲಾ ಲೆಕ್ಕಕ್ಕೆ ಬಂದರೆ ಜಗತ್ತಿನ ಸರಾಸರಿಗಿಂತ ಕೆಳಗೆ. ಹಾಗಾದರೆ ನಾವು ದೊಡ್ಡವರೋ ಸಣ್ಣವರೋ? ಕಳೆದ ವರ್ಷ ಒಬ್ಬ ಹುಡುಗ "ಮೇಡಂ, ನಾವು ಮನೆಯ ನಡುವಿನ ಮಗ" ಅಂದ. ಅಣ್ಣನ ಜವಾಬ್ದಾರಿಯೂ ಬೇಡ, ತಮ್ಮನ ಮುದ್ದೂ ಸಿಗುವುದಿಲ್ಲ. ಸರ್ಕಾರದ ಯಾವ ಕಾಗದದಲ್ಲೂ ಇಷ್ಟು ಸರಿಯಾಗಿ ಹೇಳಿಲ್ಲ.

ಆಮೇಲೆ ಎರಡು ಪುಟ ಬರೆಯುವ ಕೆಲಸ ಕೊಡುತ್ತೇನೆ. ಒಂದು ಪುಟ ಭಾರತದ ಮಾತು, ಇನ್ನೊಂದು ಪುಟ ವನುವಾಟುವಿನ ಮಾತು. ತಿದ್ದುವುದು ನಾನಲ್ಲ, ಎದುರು ಪಕ್ಷದವರು. ಅವರು ಓದಿ "ಹೌದು, ನಾನು ಹೇಳುವುದೂ ಇದನ್ನೇ" ಅಂದರೆ ಮಾತ್ರ ಪಾಸು. ಜಾಸ್ತಿ ಮಂದಿ ಮೊದಲ ಸಲ ಫೇಲ್. ಎದುರಾಳಿಯ ವಾದವನ್ನು ಗೊತ್ತಿಲ್ಲದ ಹಾಗೆಯೇ ಒಂದು ಚೂರು ಪೆದ್ದಾಗಿ ಬರೆದಿರುತ್ತಾರೆ. ಇನ್ನೊಂದು ಪರೀಕ್ಷೆ ಮನೆಯಲ್ಲಿ. ಇದೇ ವಿಷಯವನ್ನು ಅಮ್ಮನಿಗೋ ಅಜ್ಜನಿಗೋ ಮನೆ ಮಾತಿನಲ್ಲಿ ಹೇಳಿ, ಅವರು ಕೇಳಿದ ಒಂದು ಪ್ರಶ್ನೆ ಬರೆದುಕೊಂಡು ಬರಬೇಕು. ಒಬ್ಬನ ಅಜ್ಜ ಕೇಳಿದರಂತೆ, "ಆ ಕೋರ್ಟಿನವರು ಹೇಳಿದ್ದು ಕೇಳದಿದ್ದರೆ ಪೊಲೀಸ್ ಬರ್ತಾರಾ?" ಅಂತರರಾಷ್ಟ್ರೀಯ ಕಾನೂನಿನ ಇಡೀ ಒಂದು ಅಧ್ಯಾಯಕ್ಕೆ ಆ ಒಂದು ಪ್ರಶ್ನೆ ಸಾಕು.

ವಿದೇಶಕ್ಕೆ ಹೋಗಿ ಬರುವುದು ಬೇಡ ಅನ್ನುತ್ತಿಲ್ಲ. ದುಡ್ಡು, ವೀಸಾ, ಸ್ಕಾಲರ್‌ಶಿಪ್ ಸಿಕ್ಕಿದವರು ಖಂಡಿತ ಹೋಗಲಿ. ಆದರೆ ನಮ್ಮಂಥ ಕಾಲೇಜಿನ ನೂರರಲ್ಲಿ ತೊಂಬತ್ತು ಮಕ್ಕಳಿಗೆ ಪಾಸ್‌ಪೋರ್ಟೇ ಇಲ್ಲ.

ಈ ವರ್ಷದ ಎರಡನೇ ವರ್ಷದವರು ಸುಮ್ಮನೆ ಓದಿ ಬಿಡಲಿಲ್ಲ. ಕಡಲ್ಕೊರೆತದ ಕಲ್ಲು ಎಲ್ಲಿಂದ ಎಲ್ಲಿಯವರೆಗೆ ಹಾಕುತ್ತಾರೆ, ಕಲ್ಲು ಮುಗಿಯುವ ಜಾಗದ ಮನೆಗಳಿಗೆ ಏನು ವ್ಯವಸ್ಥೆ ಅಂತ ಕೇಳಿ ಸಂಬಂಧಪಟ್ಟ ಕಚೇರಿಗೆ ಪತ್ರ ಬರೆದರು. ಉತ್ತರ ಇಲ್ಲ. ಇನ್ನೊಂದು ಬರೆದರು. ಅದಕ್ಕೂ ಇಲ್ಲ. ಈಗ ಮೂರನೆಯದು. ಈ ಸಲ ಬೈಯುವ ಮಾತೆಲ್ಲ ತೆಗೆದು, ಆ ಮೇಜಿನ ಹಿಂದೆ ಕೂತ ಇಂಜಿನಿಯರಿಗೆ ಉತ್ತರ ಬರೆಯಲು ಯಾವುದು ಸುಲಭ ಅಂತ ಯೋಚಿಸಿ ಎರಡೇ ಪ್ರಶ್ನೆಗೆ ಇಳಿಸಿದ್ದಾರೆ. ಎರಡನೇ ಪ್ರಶ್ನೆಯಲ್ಲಿ 'ಹಾನಿ' ಅನ್ನಬೇಕೋ 'ತೊಂದರೆ' ಅನ್ನಬೇಕೋ ಅಂತ ಲೈಬ್ರರಿಯಲ್ಲಿ ಇನ್ನೂ ಜಗಳ ನಡೆಯುತ್ತಿದೆ. ಸೋಮವಾರದ ಟಪಾಲಿಗೆ ಹಾಕಬೇಕು.